ಹದಿನಾರು ತಿಂಗಳಾದರೂ ನಡೆಯದ ಮಗು

ಕೊಡಗಿನ ಪೊನ್ನಂಪೇಟೆ ಕಡೆಯ ಕಾಫಿ ತೋಟದ ಕಾರ್ಮಿಕರ ಲೈನ್‌ಮನೆ. ಹದಿನಾರು ತಿಂಗಳಾದರೂ ಮಗು ನಡೆಯುತ್ತಿಲ್ಲ. ಹುಟ್ಟಿದ್ದು ಎರಡು ತಿಂಗಳು ಮೊದಲೇ. ತಾಯಿ ಕಾಫಿ ಕುಯ್ಯಲು ಹೋದಾಗ ಅಜ್ಜಿ ಅದನ್ನು ಕಂಕುಳಿನಿಂದ ಇಳಿಸುವುದೇ ಇಲ್ಲ. ಇದು ನಡೆದ ಘಟನೆಯಲ್ಲ. ಮಕ್ಕಳ ಬೆಳವಣಿಗೆ ಕಲಿಯುವ ನರ್ಸಿಂಗ್ ವಿದ್ಯಾರ್ಥಿಗಳ ಮುಂದಿಡಬಹುದಾದ ಒಂದು ಸಮಸ್ಯೆ. ಸಮಸ್ಯಾಧಾರಿತ ಕಲಿಕೆಯಲ್ಲಿ ಪಾಠ ಇಲ್ಲಿಂದಲೇ ಶುರುವಾಗುತ್ತದೆ.

ಈ ಕ್ರಮ ರೂಪುಗೊಂಡದ್ದು ಕೆನಡಾದ ಹ್ಯಾಮಿಲ್ಟನ್‌ನಲ್ಲಿ. ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಗೆ 1969ರಲ್ಲಿ ಮೊದಲ ತಂಡ ಸೇರಿದಾಗ, ಡೀನ್ ಜಾನ್ ಇವಾನ್ಸ್ ಮತ್ತು ಸಂಗಡಿಗರು ಉದ್ದುದ್ದ ಉಪನ್ಯಾಸಗಳನ್ನು ಬದಿಗಿಟ್ಟು ಸಣ್ಣ ಗುಂಪುಗಳ ಕೈಗೆ ರೋಗಿಯ ಕಥೆಯನ್ನೇ ಕೊಟ್ಟರು. ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ ಅದಕ್ಕೆ ಗಟ್ಟಿ ಚೌಕಟ್ಟು ಒದಗಿಸಿದರು. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಅದು ಏಳು ಹಂತಗಳ ವಿಧಾನವಾಯಿತು. ಬಳಿಕ ನರ್ಸಿಂಗ್ ತರಗತಿಗೂ ಬಂತು.

ರೂಢಿಯ ಪಾಠವೆಂದರೆ ಪಟ್ಟಿ: ಯಾವ ತಿಂಗಳಿಗೆ ಕತ್ತು ನಿಲ್ಲುತ್ತದೆ, ಯಾವಾಗ ಕೂರುತ್ತದೆ, ಯಾವಾಗ ನಡೆಯುತ್ತದೆ. ಅದನ್ನಷ್ಟೇ ಬಾಯಿಪಾಠ ಮಾಡಿದವರಿಗೆ ಲೈನ್‌ಮನೆಯ ಮಗು ಹಿಂದುಳಿದಂತೆಯೇ ಕಾಣುತ್ತದೆ. ಎಂಟು ಹತ್ತು ಮಂದಿ ಕೂತು ಹುಡುಕತೊಡಗಿದರೆ ಬೇರೆಯೇ ಸಂಗತಿ ಸಿಗುತ್ತದೆ. ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ, ಮಗು ತಾನಾಗಿ ನಡೆಯುವ ವಯಸ್ಸು 8.2ರಿಂದ 17.6 ತಿಂಗಳು. ಶೇ 4ರಷ್ಟು ಮಕ್ಕಳು ಅಂಬೆಗಾಲಿಡದೆಯೇ ಮುಂದಿನ ಹಂತಕ್ಕೆ ಹೋಗಿದ್ದರು! ಅವಧಿಪೂರ್ವ ಜನನದ ಎರಡು ತಿಂಗಳು ಕಳೆದರೆ ಈ ಮಗುವಿನ ವಯಸ್ಸು ಹದಿನಾಲ್ಕೇ ತಿಂಗಳು.

ಹಾಗೆಂದು ನಿಶ್ಚಿಂತರಾಗಿ ಎದ್ದು ಹೋಗುವಂತಿಲ್ಲ. ಆಸರೆ ಹಿಡಿದು ನಿಲ್ಲುತ್ತದೆಯೇ? ಎರಡೂ ಕಾಲು ಒಂದೇ ಸಮ ಆಡುತ್ತವೆಯೇ? ಹೆಸರು ಕರೆದರೆ ತಿರುಗುತ್ತದೆಯೇ? ತಾಯಿ ಕಾರ್ಡ್‌ನಲ್ಲಿ ತೂಕದ ಗೆರೆ ಎಲ್ಲಾದರೂ ಕುಸಿದಿದೆಯೇ, ರಕ್ತಹೀನತೆ ಇದೆಯೇ? ಬೆಳವಣಿಗೆಯ ಪಾಠ ನಿಜವಾಗಿ ತಲೆಗೆ ಇಳಿಯುವುದು ಈ ಪ್ರಶ್ನೆಗಳ ನಡುವೆಯೇ.

ಇಂಥ ಕಲಿಕೆಗೆ ಬೇಕಾದ ಕೊಂಡಿಗಳು ನಮ್ಮಲ್ಲಿವೆ. 1975ರಲ್ಲಿ ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಸೇವೆ (ಐಸಿಡಿಎಸ್) ಆರಂಭವಾದಾಗ ಕರ್ನಾಟಕದ ಮೊದಲ ಯೋಜನೆ ಬಂದದ್ದು ಕೊಡಗಿನ ನೆರೆಯ ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಮಕ್ಕಳ ಬೆಳವಣಿಗೆಯ ವಿಳಂಬವನ್ನೂ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರದು. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ಪಠ್ಯಕ್ರಮವನ್ನು ಸಾಮರ್ಥ್ಯಾಧಾರಿತವಾಗಿ ಬದಲಿಸಿತು. ಸಮಸ್ಯೆಗಳನ್ನು ಮಾತ್ರ ಹೊರದೇಶದ ಪುಸ್ತಕದಿಂದ ಎತ್ತಿಕೊಳ್ಳಬಾರದು. ಜೇನುಕುರುಬ, ಯರವ ಸಮುದಾಯಗಳ ಮನೆಗಳನ್ನು ಬಲ್ಲ ಅಂಗನವಾಡಿ ಕಾರ್ಯಕರ್ತೆಯ ಜೊತೆ ಕೂತು ಬರೆಯಬೇಕು.

ಅಜ್ಜಿಯ ಕಂಕುಳಿನ ಪ್ರಶ್ನೆಯೂ ಉಳಿದಿದೆ. 1951ರ ತೋಟ ಕಾರ್ಮಿಕರ ಕಾಯ್ದೆ, 50 ಅಥವಾ ಹೆಚ್ಚು ಮಹಿಳೆಯರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತ್ತು. ಮಗುವಿನ ಕಾಲು ಪರೀಕ್ಷಿಸಲು ಹೊರಟ ವಿದ್ಯಾರ್ಥಿನಿ, ತೋಟದಲ್ಲಿ ಅಂಥ ಕೇಂದ್ರವಿದೆಯೇ, ಮಗು ತೆವಳಲು ಅಲ್ಲಿ ಜಾಗವಿದೆಯೇ ಎಂದೂ ವಿಚಾರಿಸಬೇಕಾಗುತ್ತದೆ.