ಒಂಬತ್ತರ ಮಗ್ಗಿಯ ಆಚೆಗೆ ಕಿವಿಗೊಟ್ಟವರು

ಆಕಾಶವಾಣಿ ಬೆಂಗಳೂರು 612, ಧಾರವಾಡ 765, ಭದ್ರಾವತಿ 675, ಮಂಗಳೂರು 1089, ಕಲಬುರಗಿ 1107. ಹಳೆಯ ರೇಡಿಯೊ ಕೇಳುಗರಿಗೆ ಬಾಯಿಪಾಠವಾಗಿದ್ದ ಈ ಕಿಲೋಹರ್ಟ್ಸ್ ಅಂಕಿಗಳಲ್ಲಿ ಯಾವುದನ್ನೇ ಒಂಬತ್ತರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ. ಒಂಬತ್ತನ್ನು ಅರವತ್ತೆಂಟು ಸಲ ಕೂಡಿದರೆ ಬೆಂಗಳೂರು, ಎಂಬತ್ತೈದು ಸಲ ಕೂಡಿದರೆ ಧಾರವಾಡ. ಏಷ್ಯಾ, ಆಫ್ರಿಕಾ, ಯುರೋಪಿನ ದೇಶಗಳು 1975ರಲ್ಲಿ ಜಿನೀವಾದಲ್ಲಿ ಕುಳಿತು ಮೀಡಿಯಂ ವೇವ್ ಆಕಾಶವನ್ನು ಹಂಚಿಕೊಂಡಾಗ, 531ರಿಂದ 1602ರವರೆಗೆ ಒಂಬತ್ತೊಂಬತ್ತು ಕಿಲೋಹರ್ಟ್ಸ್‌ಗೆ ಒಂದರಂತೆ ಗೆರೆ ಎಳೆದವು. 1978ರ ನವೆಂಬರ್ 23ರಂದು ಆ ಹಂಚಿಕೆ ಜಾರಿಗೆ ಬಂತು. ಅಮೆರಿಕ ಖಂಡಗಳು ಮಾತ್ರ ತಮ್ಮ ಹತ್ತರ ಲೆಕ್ಕವನ್ನು ಬಿಡಲಿಲ್ಲ. ಅಲ್ಲಿಯ ಕೇಂದ್ರಗಳು ಇಂದಿಗೂ 700, 1020 ಎಂದು ಹತ್ತರ ಮಗ್ಗಿಯಲ್ಲೇ ಮಾತಾಡುತ್ತವೆ.

ಈ ಎರಡು ಮಗ್ಗಿಗಳು ಕೂಡದ ಸಂದಿಗಳಲ್ಲಿ ರಾತ್ರಿಯಿಡೀ ಕಿವಿಯಿಟ್ಟು ಕೂರುವ ಜನರಿದ್ದಾರೆ. ಅವರ ಹವ್ಯಾಸದ ಹೆಸರು ಡಿಎಕ್ಸಿಂಗ್. ತಂತಿ ಕಚೇರಿಯ ಕಾಲದಲ್ಲಿ ದೂರ ಎಂಬುದಕ್ಕೆ ಬಳಸುತ್ತಿದ್ದ ಕಿರುಗುರುತು ಡಿಎಕ್ಸ್. ಅದರಿಂದ ಬಂದ ಹೆಸರಿದು. ಹ್ಯಾಮ್ ಎಂಬ ಹವ್ಯಾಸಿ ಪ್ರಸಾರಕರಂತೆ ಇವರು ಪ್ರಸಾರ ಮಾಡುವುದಿಲ್ಲ, ಪರವಾನಗಿಯೂ ಬೇಕಿಲ್ಲ. ಇವರು ಕೇಳುತ್ತಾರೆ, ಅಷ್ಟೆ. ಆದರೆ ತಮಗಾಗಿ ಆಡಿರದ ಮಾತನ್ನು, ಅದು ತಲುಪಬೇಕಿರದಷ್ಟು ದೂರದಿಂದ ಕೇಳುತ್ತಾರೆ.

ಇರುಳಿಗೆ ತೆರೆಯುವ ಬಾಗಿಲು

ಮಧ್ಯಾಹ್ನ ರೇಡಿಯೊ ಹಚ್ಚಿ ಮೀಡಿಯಂ ವೇವ್ ಮುಳ್ಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸಿದರೆ ಹತ್ತಿರದ ಒಂದೆರಡು ಕೇಂದ್ರ ಬಿಟ್ಟರೆ ಉಳಿದದ್ದು ಬರೀ ಗೊರಗೊರ. ಸೂರ್ಯ ಮುಳುಗಿ ಒಂದು ತಾಸು ಕಳೆಯಲಿ, ಅದೇ ಮುಳ್ಳು ಅದೇ ದಾರಿಯಲ್ಲಿ ಹೋದರೆ ತಮಿಳು, ತೆಲುಗು, ಮಲಯಾಳ, ಹಿಂದಿ ಸಾಲಾಗಿ ಎದುರಾಗುತ್ತವೆ. 882ರಲ್ಲಿ ಶ್ರೀಲಂಕಾದ ಪುತ್ತಳಂನ 400 ಕಿಲೋವ್ಯಾಟ್ ಪ್ರೇಷಕ ಸಮುದ್ರ ದಾಟಿ ಬರುತ್ತದೆ.

ಕಾರಣ ನಮ್ಮ ತಲೆಯ ಮೇಲೆಯೇ ಇದೆ. ನೆಲದಿಂದ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಅಯಾನುಗೋಳದ ಡಿ ಪದರವಿದೆ. ಹಗಲಲ್ಲಿ ಬಿಸಿಲಿನಿಂದ ಹುಟ್ಟುವ ಈ ಪದರ ಮೀಡಿಯಂ ವೇವ್ ಅಲೆಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ಕರಗುತ್ತದೆ. ಆಗ ಅಲೆಗಳು ಇನ್ನೂ ಎತ್ತರದ ಪದರಗಳವರೆಗೆ ಹೋಗಿ, ಅಲ್ಲಿಂದ ಬಾಗಿ, ನೂರಾರು ಮೈಲಿಯಾಚೆ ನೆಲಕ್ಕಿಳಿಯುತ್ತವೆ. ಅಂಥದೊಂದು ಪದರ ನಿಜಕ್ಕೂ ಇದೆಯೆಂದು ಇಂಗ್ಲೆಂಡಿನ ಎಡ್ವರ್ಡ್ ಆಪಲ್‌ಟನ್ 1924ರ ಡಿಸೆಂಬರಿನಲ್ಲಿ ತೋರಿಸಿಕೊಟ್ಟರು. ಅದಕ್ಕೆ ಅವರು ಬಳಸಿಕೊಂಡದ್ದು ಬೋರ್ನ್‌ಮತ್ ಊರಿನ ಬಿಬಿಸಿ ಪ್ರೇಷಕವನ್ನು. 1947ರಲ್ಲಿ ಅವರಿಗೆ ನೊಬೆಲ್ ಬಂತು. ರಾತ್ರಿ ರೇಡಿಯೊದಲ್ಲಿ ದನಿ ಉಬ್ಬಿ, ಕುಗ್ಗಿ, ಮತ್ತೆ ಉಬ್ಬುವುದನ್ನು ಕೇಳಿದವರೆಲ್ಲ ಆ ಪದರದ ಉಸಿರಾಟವನ್ನೇ ಕೇಳಿದ್ದಾರೆ.

ನಮ್ಮ ದೇಶ ಈ ಇರುಳಿನ ಗುಣವನ್ನು ನಂಬಿ ಒಂದು ವಾಹಿನಿಯನ್ನೇ ಕಟ್ಟಿತ್ತು. 1988ರ ಮೇ 18ರಂದು ಆರಂಭವಾದ ಆಕಾಶವಾಣಿಯ ರಾಷ್ಟ್ರೀಯ ವಾಹಿನಿ ಸಂಜೆ ಶುರುವಾಗಿ ಬೆಳಗಿನ ಜಾವಕ್ಕೆ ಮುಗಿಯುತ್ತಿತ್ತು. ನಾಗಪುರದ 1566 ಕಿಲೋಹರ್ಟ್ಸ್ ಪ್ರೇಷಕದ ಬಲ 1000 ಕಿಲೋವ್ಯಾಟ್. ಅಲ್ಲಿಂದ ಕಾಶ್ಮೀರಕ್ಕೂ ಕನ್ಯಾಕುಮಾರಿಗೂ ಹೆಚ್ಚುಕಡಿಮೆ ಒಂದೇ ದೂರ. ಹಗಲಲ್ಲಿ ಎಷ್ಟು ಬಲವಿದ್ದರೂ ಆಗದ ಕೆಲಸವನ್ನು ರಾತ್ರಿಯ ಆಕಾಶ ಮಾಡಿಕೊಡುತ್ತಿತ್ತು. ಪಾಳಿ ಕೆಲಸದವರು, ಲಾರಿ ಚಾಲಕರು, ಗದ್ದೆಗೆ ನೀರು ಕಟ್ಟಲು ಎದ್ದವರು ಕೇಳುತ್ತಿದ್ದ ಆ ವಾಹಿನಿ ಈಗಿಲ್ಲ.

ನಿಮ್ಮ ದನಿ ಇಲ್ಲಿಗೆ ಮುಟ್ಟಿತು

ದೂರದ ಕೇಂದ್ರವೊಂದನ್ನು ಹಿಡಿಯುವುದು ಈ ಹವ್ಯಾಸದ ಅರ್ಧ ಭಾಗ. ಹಿಡಿದದ್ದು ಯಾವುದು ಎಂದು ಖಚಿತ ಮಾಡಿಕೊಳ್ಳುವುದು ಉಳಿದರ್ಧ. ಗಂಟೆ ಹೊಡೆಯುವುದಕ್ಕೆ ಐದು ನಿಮಿಷ ಮೊದಲು ಡಿಎಕ್ಸರ್ ಉಸಿರು ಬಿಗಿಹಿಡಿದು ಕೂರುತ್ತಾನೆ. ಹೆಚ್ಚಿನ ಕೇಂದ್ರಗಳು ತಮ್ಮ ಹೆಸರು ಹೇಳುವುದು ಆ ಹೊತ್ತಿಗೇ. ಸರಿಯಾಗಿ ಆ ಕ್ಷಣಕ್ಕೆ ದನಿ ಕುಗ್ಗಿಹೋದರೆ ಇನ್ನೊಂದು ತಾಸು ಕಾಯಬೇಕು. ನಾಳೆ ಬರಬೇಕಾದೀತು. ಮುಂದಿನ ಚಳಿಗಾಲದವರೆಗೂ ಆ ಕೇಂದ್ರ ಸಿಗದಿರಬಹುದು.

ಹೆಸರು ಸಿಕ್ಕ ಮೇಲೆ ಡಿಎಕ್ಸರ್ ಆ ಕೇಂದ್ರಕ್ಕೆ ಪತ್ರ ಬರೆಯುತ್ತಾನೆ. ತಾರೀಖು, ವಿಶ್ವ ಕಾಲಮಾನದಲ್ಲಿ ಹೊತ್ತು (ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದೆ), ಕಂಪನಾಂಕ, ಯಾವ ನಿಮಿಷದಲ್ಲಿ ಯಾವ ಹಾಡು, ಯಾವ ಮಾತು ಬಂತು ಎಂಬ ವಿವರ, ತನ್ನ ಸೆಟ್ಟು ಯಾವುದು, ಏರಿಯಲ್ ಎಂಥದು ಎಲ್ಲವೂ ಅದರಲ್ಲಿರುತ್ತದೆ. ಜೊತೆಗೆ ಸಿನ್ಪೊ ಎಂಬ ಐದಂಕಿ: ದನಿಯ ಬಲ, ಬೇರೆ ಕೇಂದ್ರದ ಅಡ್ಡಿ, ಸದ್ದು, ಏರಿಳಿತ, ಒಟ್ಟು ಗುಣ. ಒಂದೊಂದಕ್ಕೂ ಐದರಲ್ಲಿ ಅಂಕ. 55555 ಎಂದರೆ ಪಕ್ಕದ ಮನೆಯ ಮಾತಿನಷ್ಟು ಸ್ಪಷ್ಟ. ಡಿಎಕ್ಸರ್ ಹಬ್ಬ ಮಾಡುವುದು ಬಹುಮಟ್ಟಿಗೆ 23222ರಂಥ ಅಂಕಿಗೆ. ಪತ್ರದ ವಿವರ ತಾಳೆಯಾದರೆ ಕೇಂದ್ರದಿಂದ ಕ್ಯುಎಸ್‌ಎಲ್ ಕಾರ್ಡು ಬರುತ್ತದೆ: ಹೌದು, ನೀವು ಕೇಳಿದ್ದು ನಮ್ಮನ್ನೇ. ಕೇಂದ್ರಗಳ ವಿಳಾಸ, ಕಂಪನಾಂಕಗಳಿಗೆ 1947ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ‘ವರ್ಲ್ಡ್ ರೇಡಿಯೊ ಟಿವಿ ಹ್ಯಾಂಡ್‌ಬುಕ್’ ಈ ಮಂದಿಯ ಪಂಚಾಂಗ.

ಈ ಪತ್ರಗಳು ಕೇಂದ್ರಗಳಿಗೂ ಬೇಕಿದ್ದವು. ತಮ್ಮ ಅಲೆ ಎಲ್ಲಿಗೆ ಬೀಳುತ್ತಿದೆ, ಯಾರಿಗೆ ಅಡ್ಡಿಯಾಗುತ್ತಿದೆ ಎಂದು ತಿಳಿಯಲು ಎಂಜಿನಿಯರುಗಳಿಗೆ ದೂರದ ಕಿವಿಗಳಿಗಿಂತ ಅಗ್ಗದ ಸಾಧನ ಬೇರೊಂದಿರಲಿಲ್ಲ. ಹೀಗೆ ಬಿಡುವಿನ ವೇಳೆಯ ಸಂತೋಷಕ್ಕೆ ಕೂತವರು ಜಗತ್ತಿನ ಬಾನುಲಿಯ ದಿನಚರಿ ಬರೆಯುವವರಾದರು.

ಉತ್ತರದ ಕಾಡಿನಲ್ಲಿ ತಂತಿ

1921ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಎಂಬ ಅಮೆರಿಕನ್ ಸ್ಕಾಟ್ಲೆಂಡಿನ ಆರ್ಡ್ರೋಸನ್ ಕಡಲತೀರಕ್ಕೆ ಬಂದರು. ಮಳೆಗಾಳಿಗೆ ಹೊಡೆದುಕೊಳ್ಳುವ ಡೇರೆಯೊಂದರಲ್ಲಿ ರಿಸೀವರ್ ಇಟ್ಟುಕೊಂಡು ಅಟ್ಲಾಂಟಿಕ್ಕಿನ ಆಚೆಯ ಹವ್ಯಾಸಿಗಳ ಮೋರ್ಸ್ ಸಂಕೇತಕ್ಕೆ ಕಾದರು. ಇಪ್ಪತ್ತಕ್ಕೂ ಹೆಚ್ಚು ಮಂದಿಯ ಸಂಕೇತ ಕೇಳಿಸಿತು. ಕನೆಕ್ಟಿಕಟ್‌ನ 1ಬಿಸಿಜಿ ಎಂಬ ಹವ್ಯಾಸಿ ಕೇಂದ್ರವೂ ಅವುಗಳಲ್ಲೊಂದು. ಅದರ ತರಂಗಾಂತರ ಸುಮಾರು 230 ಮೀಟರ್. ಅದು ಇಂದಿನ ಮೀಡಿಯಂ ವೇವ್ ಪಟ್ಟಿಯೊಳಗೇ ಬೀಳುತ್ತದೆ. ಗಾಡ್ಲಿ ಬಳಸಿದ್ದು ಹೆರಾಲ್ಡ್ ಬೆವರೇಜ್ ಆಗಷ್ಟೇ ರೂಪಿಸಿದ್ದ ಏರಿಯಲ್. ನೂರಾರು ಮೀಟರ್ ಉದ್ದದ ಒಂಟಿ ತಂತಿಯನ್ನು ಆಳೆತ್ತರದ ಗೂಟಗಳ ಮೇಲೆ, ಬೇಕಾದ ದಿಕ್ಕಿಗೆ ನೆಟ್ಟಗೆ ಎಳೆದರೆ ಮುಗಿಯಿತು. ತಂತಿ ಯಾವ ಕಡೆಗೆ ಚಾಚಿದೆಯೋ ಆ ಕಡೆಯ ದನಿ ಮೇಲೇಳುತ್ತದೆ, ಉಳಿದ ದಿಕ್ಕಿನದು ತಗ್ಗುತ್ತದೆ.

ನೂರು ವರ್ಷ ದಾಟಿದರೂ ಆ ತಂತಿಗೆ ಬದಲಿ ಬಂದಿಲ್ಲ. ಫಿನ್ಲೆಂಡಿನ ಉತ್ತರದಲ್ಲಿ, ಇನಾರಿ ಸೀಮೆಯ ಲೆಮ್ಮೆನ್‌ಯೋಕಿ, ಐಹ್ಕಿನಿಯೆಮಿಗಳಲ್ಲಿ ಡಿಎಕ್ಸರುಗಳು ಮರದ ಮನೆಗಳಲ್ಲಿ ಬೀಡುಬಿಡುತ್ತಾರೆ. ನಾರ್ವೆಯ ಕಾಂಗ್ಸ್‌ಫ್ಯೋರ್ಡ್‌ನಲ್ಲೂ ಹೀಗೆಯೇ. ಹಿಮ ಮುಚ್ಚಿದ ಕಾಡಿನಲ್ಲಿ ಒಂದು ತಂತಿ ಉತ್ತರ ಅಮೆರಿಕದ ಕಡೆಗೆ, ಇನ್ನೊಂದು ಪೆಸಿಫಿಕ್ ಕಡೆಗೆ, ಮತ್ತೊಂದು ಪೂರ್ವ ಏಷ್ಯಾದ ಕಡೆಗೆ ಚಾಚಿಕೊಂಡಿರುತ್ತದೆ. ಡಿಸೆಂಬರಿನಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ. ಸೂರ್ಯನಿಲ್ಲದ ಮೇಲೆ ಅಲೆ ನುಂಗುವ ಡಿ ಪದರಕ್ಕೂ ಬಲವಿಲ್ಲ. ನಮಗೆ ಹನ್ನೆರಡು ತಾಸು ತೆರೆದಿರುವ ಬಾಗಿಲು ಅಲ್ಲಿ ನಡುಹಗಲಲ್ಲೂ ತೆರೆದಿರುತ್ತದೆ. ಅಲಾಸ್ಕಾ, ಹವಾಯಿ, ಕ್ಯಾಲಿಫೋರ್ನಿಯಾದ ಪುಟ್ಟ ಪಟ್ಟಣಗಳ ಕೇಂದ್ರಗಳು ಉತ್ತರ ಧ್ರುವದ ನೆತ್ತಿಯ ಮೇಲಿಂದ ಹಾಯ್ದು ಅಲ್ಲಿಗೆ ಬಂದಿಳಿಯುತ್ತವೆ. ತಮ್ಮ ಊರಿನ ಅಂಗಡಿ ಜಾಹೀರಾತು ಯಾವುದೋ ಹಿಮದ ಕಾಡಿನಲ್ಲಿ ಯಾರದೋ ಕಿವಿಗೆ ಬಿದ್ದಿದೆಯೆಂದು ಆ ಕೇಂದ್ರದವರಿಗೆ ಪತ್ರ ಬಂದಾಗಲೇ ಗೊತ್ತಾಗುವುದು. ಹತ್ತರ ಮಗ್ಗಿ ಒಂಬತ್ತರ ಮಗ್ಗಿಯ ಸಂದಿಯಲ್ಲಿ ಕೇಳಿಸುವುದು ಇಲ್ಲಿಯೇ.

ಒಂದೊಂದಾಗಿ ಆರಿದ ದೀಪಗಳು

ಸಂದಿಗಳು ಈಗ ಅಗಲವಾಗುತ್ತಿವೆ. 2015ರ ಡಿಸೆಂಬರ್ 31ರಂದು ಜರ್ಮನಿಯ ಡಾಯ್ಚ್‌ಲಾಂಡ್‌ಫುಂಕ್, ಫ್ರಾನ್ಸಿನ ಸಾರ್ವಜನಿಕ ಬಾನುಲಿ, ಲಕ್ಸೆಂಬರ್ಗಿನ ಹೆಸರಾಂತ 1440, ಮೂರೂ ಮೀಡಿಯಂ ವೇವ್‌ನಿಂದ ಇಳಿದವು. 2022ರಲ್ಲಿ ಇಟಲಿಯ ಸಾರ್ವಜನಿಕ ಬಾನುಲಿ ರಾಯ್ ಕೂಡ ಇಳಿಯಿತು. ಐರ್ಲೆಂಡಿನ 252 ಕಿಲೋಹರ್ಟ್ಸ್ ಲಾಂಗ್ ವೇವ್ 2023ರ ಏಪ್ರಿಲಿನಲ್ಲಿ ನಿಂತಿತು. ಜಪಾನಿನ 47 ಖಾಸಗಿ ಎಎಂ (ಮೀಡಿಯಂ ವೇವ್) ಸಂಸ್ಥೆಗಳ ಪೈಕಿ 44, 2028ರ ಹೊತ್ತಿಗೆ ಎಫ್‌ಎಂ ಕಡೆಗೆ ಹೊರಳುವ ಗುರಿಯನ್ನು 2021ರಲ್ಲಿ ಪ್ರಕಟಿಸಿದವು. ಶಾರ್ಟ್ ವೇವ್‌ನಲ್ಲಿ 1940ರಿಂದ ಬರುತ್ತಿದ್ದ ಬಿಬಿಸಿ ಹಿಂದಿ 2020ರ ಜನವರಿ 31ರಂದು ಮೌನವಾಯಿತು.

ಇದಕ್ಕೆ ಖರ್ಚು ಮೊದಲ ಕಾರಣ. ಎಎಂ ಪ್ರಸಾರದಲ್ಲಿ ದನಿಯನ್ನು ಹೊತ್ತೊಯ್ಯುವ ವಾಹಕ ಅಲೆಗೇ ಕನಿಷ್ಠ ಮೂರರಲ್ಲೆರಡು ಪಾಲು ವಿದ್ಯುತ್ ಹೋಗುತ್ತದೆ. ಆ ಅಲೆಯಲ್ಲಿ ಮಾತೂ ಇಲ್ಲ, ಹಾಡೂ ಇಲ್ಲ. ಜಾಗವೂ ದೊಡ್ಡದು ಬೇಕು. 612 ಕಿಲೋಹರ್ಟ್ಸ್‌ನ ತರಂಗಾಂತರ 490 ಮೀಟರ್. ಅದರ ಕಾಲು ಭಾಗದ ಗೋಪುರ ನಿಲ್ಲಿಸಬೇಕೆಂದರೂ 120 ಮೀಟರಿಗಿಂತ ಎತ್ತರ, ಸುತ್ತ ನೆಲದಡಿಯಲ್ಲಿ ಹರಡಿದ ತಾಮ್ರದ ತಂತಿ. ಊರು ಬೆಳೆದು ಗೋಪುರದ ಬುಡಕ್ಕೆ ಬಂದಾಗ ಆ ನೆಲದ ಬೆಲೆಯೇ ಅದರ ಶತ್ರುವಾಗುತ್ತದೆ.

ಎರಡನೆಯ ಶತ್ರು ನಮ್ಮ ಮನೆಯೊಳಗಿದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲವೂ ಮೀಡಿಯಂ ವೇವ್ ಮೇಲೆ ಕರ್ಕಶ ಸದ್ದು ಸುರಿಯುತ್ತವೆ. ವಿದ್ಯುತ್ ಕಾರುಗಳ ಮೋಟಾರೂ ಅಷ್ಟೆ. ಅದೇ ಕಾರಣ ಕೊಟ್ಟು ಕೆಲವು ತಯಾರಕರು ಎಎಂ ತೆಗೆದುಹಾಕಿದಾಗ, ಪ್ರತಿ ಕಾರಿನಲ್ಲೂ ಅದು ಇರಲೇಬೇಕೆಂಬ ಮಸೂದೆ 2023ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಬಂತು. ನಮ್ಮೂರುಗಳಲ್ಲಿ ಕರೆಂಟು ಹೋದ ರಾತ್ರಿ, ಎಲ್ಲರೂ ಬೇಸರಪಡುವ ಹೊತ್ತಿನಲ್ಲಿ, ಬ್ಯಾಟರಿ ಸೆಟ್ಟು ಎತ್ತಿಕೊಂಡು ಮಾಳಿಗೆ ಹತ್ತುವವನು ಡಿಎಕ್ಸರ್. ಸದ್ದಿನ ಪರದೆ ಸರಿದು ಆಕಾಶ ಮತ್ತೆ ಆಳವಾಗಿ ಕೇಳುವುದು ಆಗಲೇ.

ಭಾರತ ಡಿಆರ್‌ಎಂ ಎಂಬ ಡಿಜಿಟಲ್ ದಾರಿ ಹಿಡಿದಿದೆ. ಅದೇ ಮೀಡಿಯಂ ವೇವ್, ಕಡಿಮೆ ವಿದ್ಯುತ್, ಒಂದೇ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ಕಾರ್ಯಕ್ರಮ. ಕೆಲವು ಕಂಪನಿಗಳ ಕಾರುಗಳಲ್ಲಿ ಅದನ್ನು ಕೇಳುವ ಸೆಟ್ಟಿದೆ. ಆದರೆ ಸಾಮಾನ್ಯ ಟ್ರಾನ್ಸಿಸ್ಟರಿಗೆ ಅದು ಬರೀ ಭೋರೆಂಬ ಸದ್ದು. ಹೊಲದ ಬದುವಿನ ಮೇಲಿನ ರೇಡಿಯೊಗೆ ಹೊಸ ಕಿವಿ ಅಗ್ಗದಲ್ಲಿ ಸಿಗುವವರೆಗೆ ಹಳೆಯ ದನಿಯನ್ನು ನಿಲ್ಲಿಸಬಾರದೆಂಬುದು ನನ್ನ ಗಟ್ಟಿ ನಂಬಿಕೆ.

ಡಿಎಕ್ಸರ್‌ಗಳ ಪಾಲಿಗೆ ಈ ಮೌನ ವಿಚಿತ್ರ ಉಡುಗೊರೆ. ದೊಡ್ಡ ಕೇಂದ್ರವೊಂದು ಆರಿದಾಗ ಅದರ ಹಿಂದೆ ದಶಕಗಳಿಂದ ಮುಚ್ಚಿಹೋಗಿದ್ದ ಸಣ್ಣ ದನಿಗಳು ಮೇಲೇಳುತ್ತವೆ. ಸಾಧನಗಳೂ ಬದಲಾಗಿವೆ. ಸಾಫ್ಟ್‌ವೇರ್ ರೇಡಿಯೊ ಇಡೀ ಮೀಡಿಯಂ ವೇವ್ ಪಟ್ಟಿಯನ್ನೇ ಒಮ್ಮೆಗೆ ಮುದ್ರಿಸಿಕೊಳ್ಳುತ್ತದೆ. ಗಂಟೆ ಹೊಡೆಯುವ ಆ ಒಂದು ನಿಮಿಷವನ್ನು ಆಮೇಲೆ ನೂರು ಕಂಪನಾಂಕಗಳಲ್ಲಿ ನೂರು ಸಲ ಕೇಳಬಹುದು. ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ರಿಸೀವರನ್ನು ಇಲ್ಲಿ ಕುಳಿತೇ ಅಂತರ್ಜಾಲದ ಮೂಲಕ ತಿರುಗಿಸಬಹುದು. ಸದ್ದು ತುಂಬಿದ ಫ್ಲ್ಯಾಟಿನಲ್ಲಿರುವವರಿಗೆ ಅದೊಂದು ಕಿಟಕಿ. ಆದರೂ ತನ್ನ ಏರಿಯಲ್‌ಗೆ ಬಂದದ್ದನ್ನೇ ತನ್ನ ಪುಸ್ತಕಕ್ಕೆ ಬರೆದುಕೊಳ್ಳುವುದು ಹಳಬರ ನಿಯಮ.

ಆ ಪುಸ್ತಕಗಳ ಬೆಲೆ ಈಗ ತಿಳಿಯುತ್ತಿದೆ. ಯಾವ ಕೇಂದ್ರ ಯಾವ ರಾತ್ರಿ ಎಷ್ಟು ದೂರ ಹೋಗಿತ್ತು ಎಂಬ ಲೆಕ್ಕ ಬಹಳಷ್ಟು ಕಡೆ ಉಳಿದಿರುವುದು ಈ ಕೈಬರಹದಲ್ಲೇ. ರೇಡಿಯೊದ ಬೆಲೆಯೂ ತಿಳಿಯುವುದು ಹೀಗೆಯೇ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಎರಡೂ ಕತ್ತಲಲ್ಲಿ ಮುಳುಗಿ ಮೊಬೈಲ್ ಜಾಲವೂ ಕುಸಿದಾಗ, ಜನ ಬ್ಯಾಟರಿ ರೇಡಿಯೊ ಸುತ್ತ ನೆರೆದರು. ಒಂದೇ ಗೋಪುರದಿಂದ ಒಂದು ಸೀಮೆಗೆಲ್ಲ ಮಾತು ತಲುಪಿಸುವ ಶಕ್ತಿಯನ್ನು ಕಳಚಿಹಾಕುವ ಮುನ್ನ ಆ ದಿನವನ್ನು ನೆನೆಯಬೇಕು.

1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಆ ಮನೆಯಿಂದ ಹೊರಟು ದೇಶಕ್ಕೆಲ್ಲ ಹಬ್ಬಿತು. ಹೆಸರು ಕೊಟ್ಟ ನಾಡಿನವರು ನಾವು. ಕೇಳುವ ಕೆಲಸವೂ ನಮ್ಮದಾಗಲಿ. ಇಂದು ರಾತ್ರಿ ಊಟವಾದ ಮೇಲೆ ಮನೆಯ ದೀಪಗಳನ್ನಾರಿಸಿ, ಹಳೆಯ ಸೆಟ್ಟಿಗೆ ಹೊಸ ಸೆಲ್ಲು ಹಾಕಿ, ಮಾಳಿಗೆಗೋ ಅಂಗಳಕ್ಕೋ ಬನ್ನಿ. ಗಂಟೆಗೆ ಐದು ನಿಮಿಷವಿದ್ದಾಗ ಮುಳ್ಳನ್ನು ಮೆಲ್ಲನೆ ಸರಿಸಿ. ಮಸುಕಾದ ದನಿಯೊಂದು ಸಿಕ್ಕರೆ ಅಲ್ಲೇ ನಿಲ್ಲಿ, ಸೆಟ್ಟನ್ನು ಒಂದು ಸುತ್ತು ತಿರುಗಿಸಿ. ಒಳಗಿನ ಫೆರೈಟ್ ಕಡ್ಡಿ ದಿಕ್ಕು ಹಿಡಿದಾಗ ದನಿ ಬಲಿಯುತ್ತದೆ. ಹೆಸರು ಕೇಳಿಸಿದರೆ ಹೊತ್ತು ಬರೆದುಕೊಳ್ಳಿ. ಬೆಳಗಾದ ಮೇಲೆ ಆ ಕೇಂದ್ರಕ್ಕೊಂದು ಕಾರ್ಡು ಹಾಕಿ. ಹೆಚ್ಚೇನೂ ಬರೆಯಬೇಕಿಲ್ಲ: ನಮ್ಮೂರು ಇಂಥದ್ದು, ನಿನ್ನೆ ರಾತ್ರಿ ಇಷ್ಟು ಹೊತ್ತಿಗೆ ನಿಮ್ಮ ದನಿ ಇಲ್ಲಿಗೆ ಮುಟ್ಟಿತು.