ಎರಡು ಆಟ ಸೇರಿ ಒಂದು ಆಟ ಆಗುವುದು ಹೇಗೆ?

ಸಿನಿಮಾಗಳನ್ನು ನಾವು ಹಾಸ್ಯ, ಭಯಾನಕ, ಪತ್ತೇದಾರಿ ಎಂದು ವಿಂಗಡಿಸುತ್ತೇವೆ. ನೋಡುವವರ ಮನಸ್ಸಿಗೆ ಏನು ಅನಿಸುತ್ತದೆ ಎಂಬುದೇ ಅಲ್ಲಿ ಲೆಕ್ಕ. ವಿಡಿಯೋ ಗೇಮ್‌ಗಳ ವಿಂಗಡಣೆ ಬೇರೆ ರೀತಿಯದು. ಅಲ್ಲಿ ಆಡುವವರು ಏನು ಮಾಡುತ್ತಾರೆ ಎಂಬುದು ಮುಖ್ಯ. ಗುರಿಯಿಟ್ಟು ಹೊಡೆದರೆ ಶೂಟಿಂಗ್, ಗಾಡಿ ಓಡಿಸಿದರೆ ರೇಸಿಂಗ್, ಬಣ್ಣದ ಹರಳುಗಳನ್ನು ಜೋಡಿಸಿದರೆ ಪಜಲ್, ಒಂದು ಪಾತ್ರವನ್ನು ಹಂತ ಹಂತವಾಗಿ ಬಲಪಡಿಸುತ್ತಾ ಹೋದರೆ ರೋಲ್ ಪ್ಲೇಯಿಂಗ್. ಇವುಗಳನ್ನೇ ಗೇಮ್‌ನ ಪ್ರಕಾರಗಳು ಎನ್ನುತ್ತಾರೆ.

ಈಗಿನ ಬಹಳಷ್ಟು ಗೇಮ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಪ್ರಕಾರಗಳು ಬೆರೆತಿರುತ್ತವೆ. ನಮ್ಮ ಸ್ನೇಹಿತರಲ್ಲಿ ಅನೇಕರು ಮೊಬೈಲಿನಲ್ಲಿ ಆಡುವ ಬ್ಯಾಟಲ್ ರಾಯಲ್ ಅನ್ನೇ ನೋಡಿ. ಬರಿಗೈಯಲ್ಲಿ ಇಳಿದು ಮನೆ ಮನೆ ಹುಡುಕಿ ಸಾಮಾನು ಕೂಡಿಸಬೇಕು, ಗುಂಡು ಹೊಡೆಯಬೇಕು, ಕಿರಿದಾಗುತ್ತಾ ಬರುವ ವೃತ್ತದೊಳಗೆ ಕೊನೆಯವರೆಗೆ ಬದುಕಬೇಕು. 2017ರಲ್ಲಿ ಬಂದ ಪಬ್‌ಜಿ ಈ ಮಿಶ್ರಣವನ್ನು ಜಗತ್ತಿನೆಲ್ಲೆಡೆ ಜನಪ್ರಿಯಗೊಳಿಸಿತು.

ಬೆರೆಸುವುದು ಏಕೆ? ಉತ್ತರ ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲೇ ಇದೆ. ಒಂದೇ ವಸ್ತುವನ್ನು ಮತ್ತೆ ಮತ್ತೆ ಅನುಭೋಗಿಸಿದರೆ ಅದರ ಸೀಮಾಂತ ತುಷ್ಟಿಗುಣ ಕಡಿಮೆಯಾಗುತ್ತಾ ಹೋಗುತ್ತದೆ. ಮೊದಲ ಮಾವಿನ ಹಣ್ಣಿನ ರುಚಿ ಐದನೆಯದಕ್ಕೆ ಇರುವುದಿಲ್ಲ. ಗೇಮ್‌ನಲ್ಲೂ ಒಂದೇ ಕೆಲಸ ನೂರು ಸಲ ಮಾಡಿದರೆ ಬೇಸರ ಬರುತ್ತದೆ. ಆದ್ದರಿಂದ ಡಿಸೈನರ್‌ಗಳು ಇನ್ನೊಂದು ಬಗೆಯ ಕೆಲಸವನ್ನು ತಂದು ಸೇರಿಸುತ್ತಾರೆ. ಆದರೆ ಎರಡು ಒಳ್ಳೆಯ ಆಟಗಳನ್ನು ಸೇರಿಸಿದರೆ ಒಂದು ಒಳ್ಳೆಯ ಆಟ ಸಿಕ್ಕೇ ಸಿಗುತ್ತದೆಯೇ?

ಇದಕ್ಕೆ ಅಮೆರಿಕದ ಸಿಡ್ ಮೈಯರ್ ಎಂಬ ಡಿಸೈನರ್‌ನ ಎರಡು ಗೇಮ್‌ಗಳು ಒಳ್ಳೆಯ ಉದಾಹರಣೆ. 1987ರಲ್ಲಿ ಅವರು 'ಪೈರೇಟ್ಸ್' ಮಾಡಿದರು. ಅದರಲ್ಲಿ ಹಡಗು ನಡೆಸುವುದು, ಸಮುದ್ರ ಯುದ್ಧ, ಕತ್ತಿವರಸೆ, ಬಂದರುಗಳಲ್ಲಿ ವ್ಯಾಪಾರ, ನಿಧಿ ಹುಡುಕುವುದು ಎಲ್ಲವೂ ಇದ್ದವು. ಜನ ಅದನ್ನು ಬಹಳ ಮೆಚ್ಚಿದರು. 1990ರಲ್ಲಿ ಬಂದ 'ಕೋವರ್ಟ್ ಆಕ್ಷನ್' ಗೂಢಚಾರರ ಗೇಮ್. ಒಂದು ಕಡೆ ಸುಳಿವುಗಳನ್ನು ಜೋಡಿಸಿ ಸಂಚನ್ನು ಪತ್ತೆ ಮಾಡಬೇಕು, ಇನ್ನೊಂದು ಕಡೆ ಶತ್ರುಗಳ ಕಟ್ಟಡಕ್ಕೆ ನುಗ್ಗಿ ಹೋರಾಡಬೇಕು. ಎರಡೂ ಭಾಗಗಳು ತಮ್ಮಷ್ಟಕ್ಕೆ ಚೆನ್ನಾಗಿದ್ದವು. ಆದರೆ ಕಟ್ಟಡದೊಳಗೆ ಹತ್ತು ನಿಮಿಷ ಹೋರಾಡಿ ಹೊರಗೆ ಬರುವಷ್ಟರಲ್ಲಿ ಆಟಗಾರನಿಗೆ ತಾನು ಯಾವ ಸಂಚನ್ನು ಬೆನ್ನಟ್ಟಿದ್ದೆ ಎಂಬುದೇ ಮರೆತು ಹೋಗುತ್ತಿತ್ತು. ಎರಡು ಶ್ರೇಷ್ಠ ಆಟಗಳಿಗಿಂತ ಒಂದು ಒಳ್ಳೆಯ ಆಟ ಮೇಲು ಎಂಬ ಪಾಠವನ್ನು ಮೈಯರ್ ಇದರಿಂದ ಕಲಿತರು. ಇದನ್ನು ಇಂದಿಗೂ 'ಕೋವರ್ಟ್ ಆಕ್ಷನ್ ನಿಯಮ' ಎಂದೇ ಕರೆಯುತ್ತಾರೆ. ಪೈರೇಟ್ಸ್‌ನಲ್ಲಿ ಪ್ರತಿ ತುಣುಕೂ ಚಿಕ್ಕದು. ಕತ್ತಿವರಸೆ ಮುಗಿಸಿ ಹಡಗಿಗೆ ಬಂದರೆ ಪ್ರಯಾಣದ ನೆನಪು ಇನ್ನೂ ತಲೆಯಲ್ಲೇ ಇರುತ್ತಿತ್ತು.

ಹಾಗಾದರೆ ಯಾವ ಮಿಶ್ರಣ ಕೂಡಿಬರುತ್ತದೆ? ಪೂರಕ ಸರಕುಗಳ ಪಾಠ ನೆನಪಿಸಿಕೊಳ್ಳಿ. ಪೆನ್ನು ಮತ್ತು ಶಾಯಿಯಂತೆ ಒಂದಕ್ಕೆ ಇನ್ನೊಂದು ಬೇಕಾಗಿರಬೇಕು. ನಮ್ಮ ಮನೆಗಳಲ್ಲಿ ಬಿರಿಯಾನಿಯ ಜೊತೆ ದಾಲ್ಚಾ ಬಡಿಸುತ್ತಾರೆ, ತಟ್ಟೆಯಲ್ಲಿ ಕಲಸಿಕೊಂಡು ತಿನ್ನುತ್ತೇವೆ. ಖೀರ್ ಕೂಡ ಎಲ್ಲರಿಗೂ ಇಷ್ಟ, ಆದರೆ ಅದನ್ನು ಬಿರಿಯಾನಿಯ ಮೇಲೆ ಯಾರೂ ಸುರಿಯುವುದಿಲ್ಲ.

2007ರ 'ಪಜಲ್ ಕ್ವೆಸ್ಟ್' ಇಂಥ ಪೂರಕ ಜೋಡಿ. ಮೂರು ಹರಳು ಜೋಡಿಸುವ ಪಜಲ್ ಮತ್ತು ರೋಲ್ ಪ್ಲೇಯಿಂಗ್ ಅದರಲ್ಲಿ ಸೇರಿವೆ. ನೀವು ಮತ್ತು ಶತ್ರು ಒಂದೇ ಹಲಗೆಯ ಮೇಲೆ ಸರದಿಯಂತೆ ಹರಳು ಜೋಡಿಸುತ್ತೀರಿ. ಬಣ್ಣದ ಹರಳುಗಳು ಸೇರಿದರೆ ಮಂತ್ರಶಕ್ತಿ ಸಿಗುತ್ತದೆ, ತಲೆಬುರುಡೆಗಳು ಸೇರಿದರೆ ಶತ್ರುವಿಗೆ ಪೆಟ್ಟು ಬೀಳುತ್ತದೆ. ಪಜಲ್ ಮುಗಿಸಿ ಯುದ್ಧಕ್ಕೆ ಹೋಗುವ ಮಾತೇ ಇಲ್ಲ, ಒಂದೇ ನಡೆ ಎರಡೂ ಆಟಗಳಲ್ಲಿ ಲೆಕ್ಕಕ್ಕೆ ಬರುತ್ತದೆ.

'ಸ್ಲೇ ದ ಸ್ಪೈರ್' ಇನ್ನೊಂದು ಉದಾಹರಣೆ. ಇದರ ಪೂರ್ಣ ಆವೃತ್ತಿ ಬಂದದ್ದು 2019ರಲ್ಲಿ. ಇದರಲ್ಲಿ ಕಾರ್ಡುಗಳ ಕಟ್ಟನ್ನು ಒಂದೊಂದಾಗಿ ಕಟ್ಟುತ್ತಾ ಹೋಗಬೇಕು. ಜೊತೆಗೆ, 1980ರ 'ರೋಗ್' ಎಂಬ ಗೇಮ್‌ನಿಂದ ಬಂದ ಪದ್ಧತಿಯಂತೆ ಸತ್ತರೆ ಮತ್ತೆ ಮೊದಲಿನಿಂದ ಶುರು, ದಾರಿಯೂ ಪ್ರತಿ ಸಲ ಬೇರೆ. ಕಾರ್ಡು ಕಟ್ಟುವ ಆಟದ ಸೊಗಸು ಇರುವುದೇ ಖಾಲಿ ಕೈಯಿಂದ ಕಟ್ಟುವುದರಲ್ಲಿ. ಕಟ್ಟು ತುಂಬಿ ಬಲವಾದ ಮೇಲೆ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ. ಅದಕ್ಕೆ ಬೇಕಾದ ಹೊಸ ಆರಂಭವನ್ನು ರೋಗ್ ಪದ್ಧತಿ ಕೊಡುತ್ತದೆ. ಆ ಪದ್ಧತಿಗೆ ಪ್ರತಿ ಸಲ ಹೊಸ ಆಯ್ಕೆಗಳು ಬೇಕು, ಅವನ್ನು ಕಾರ್ಡುಗಳು ಕೊಡುತ್ತವೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಮಾರುಕಟ್ಟೆಯ ಕಡೆಯಿಂದಲೂ ಒಂದು ಅಪಾಯವಿದೆ. 2009ರ 'ಬ್ರೂಟಲ್ ಲೆಜೆಂಡ್' ಅನ್ನು ಹೊಡೆದಾಟದ ಗೇಮ್ ಎಂದು ಕೊಂಡವರಿಗೆ ಮುಂದೆ ಸೈನ್ಯ ನಡೆಸುವ ಸ್ಟ್ರಾಟಜಿ ಯುದ್ಧಗಳು ಎದುರಾದವು. ಅನೇಕರು ಗೊಂದಲಗೊಂಡರು. ಪೊಟ್ಟಣದ ಮೇಲೆ ಬರೆದದ್ದು ಒಂದು, ಒಳಗಿರುವುದು ಇನ್ನೊಂದು ಎಂದಾದರೆ ಸರಕು ಒಳ್ಳೆಯದಾಗಿದ್ದರೂ ಗ್ರಾಹಕ ಮುನಿಸಿಕೊಳ್ಳುತ್ತಾನೆ.

ಎಲ್ಲಕ್ಕಿಂತ ಹೆಚ್ಚಾಗಿ ನಾವು ಗಮನಿಸಬೇಕಾದ ಮಿಶ್ರಣ ಒಂದಿದೆ. ಅದರ ಹೆಸರು ಜಾಹೀರಾತಿನಲ್ಲಿ ಇರುವುದಿಲ್ಲ. ಫುಟ್‌ಬಾಲ್ ಇರಲಿ, ಶೂಟಿಂಗ್ ಇರಲಿ, ನಡುವೆ ಒಂದು ಪೆಟ್ಟಿಗೆ ಬರುತ್ತದೆ. ದುಡ್ಡು ಕೊಟ್ಟು ತೆರೆಯಬೇಕು, ಒಳಗೆ ಏನಿದೆ ಎಂದು ಮೊದಲೇ ತಿಳಿಯುವುದಿಲ್ಲ. ಇದಕ್ಕೆ ಲೂಟ್ ಬಾಕ್ಸ್ ಎನ್ನುತ್ತಾರೆ. ಕೈ ಏನು ಮಾಡುತ್ತಿದೆ ಎಂಬ ನಮ್ಮ ಮೊದಲ ಅಳತೆಯಿಂದ ನೋಡಿದರೆ ಅದು ಲಾಟರಿ ಚೀಟಿ ಹರಿಯುವ ಕೆಲಸವೇ. 2018ರಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗ ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜು ಎಂದೇ ತೀರ್ಮಾನಿಸಿತು. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು.

ಇದಕ್ಕೆ ತದ್ವಿರುದ್ಧವಾದದ್ದು 2024ರ 'ಬಲಾತ್ರೋ'. ನಮ್ಮ ನಾನಿಯಂಥ ಹಿರಿಯರು ಇಸ್ಪೀಟು ಎಲೆ ಕಂಡ ಕೂಡಲೇ "ಜುವಾ" ಎಂದು ಗದರುತ್ತಾರೆ. ಈ ಗೇಮ್‌ನ ಪರದೆಯ ತುಂಬ ಇಸ್ಪೀಟು ಎಲೆಗಳೇ, ಪೋಕರ್‌ನ ಜೋಡಣೆಗಳೇ. ಆದರೆ ಪಣ ಇಲ್ಲ. ಗೇಮ್ ಕೊಂಡ ಮೇಲೆ ಅದರೊಳಗೆ ನಿಜವಾದ ಹಣ ಖರ್ಚು ಮಾಡುವ ದಾರಿಯೇ ಇಲ್ಲ. ಅಂಕಗಳನ್ನು ಗುಣಿಸುವ ಲೆಕ್ಕಾಚಾರವೇ ಅದರ ಜೀವಾಳ. ಯುರೋಪಿನ ವಯೋಮಿತಿ ಸಂಸ್ಥೆ ಪೆಗಿ ಅದನ್ನು 18 ವರ್ಷ ಮೇಲ್ಪಟ್ಟವರಿಗೆ ಎಂದು ಗುರುತಿಸಿ, ಮೇಲ್ಮನವಿಯ ನಂತರ 2025ರಲ್ಲಿ 12ಕ್ಕೆ ಇಳಿಸಿತು. ನೋಡಲು ಜೂಜಿನಂತಿರುವುದು ಪಜಲ್ ಆಗಿರಬಹುದು. ಮಕ್ಕಳಾಟದಂತೆ ಕಾಣುವುದರೊಳಗೆ ಜೂಜು ಅಡಗಿರಬಹುದು.

ಆದ್ದರಿಂದ ಸ್ನೇಹಿತರೇ, ಮುಂದಿನ ಸಲ ಹೊಸ ಗೇಮ್ ಹಾಕಿಕೊಂಡಾಗ ಮೂರು ಪ್ರಶ್ನೆ ಕೇಳಿ ನೋಡಿ. ಇದರಲ್ಲಿ ಯಾವ ಯಾವ ಪ್ರಕಾರಗಳಿವೆ? ಒಂದು ಭಾಗವನ್ನು ತೆಗೆದರೆ ಇನ್ನೊಂದಕ್ಕೆ ನಷ್ಟವಾಗುತ್ತದೆಯೇ? ನಷ್ಟವಾಗುವುದಿಲ್ಲ ಎಂದಾದರೆ, ಆ ಭಾಗ ಅಲ್ಲಿರುವುದು ನಮ್ಮ ಸಂತೋಷಕ್ಕೋ, ಇನ್ನೊಬ್ಬರ ಲಾಭಕ್ಕೋ? ಕಾಮರ್ಸ್ ಓದುವ ನಮಗೆ ಮೂರನೆಯ ಪ್ರಶ್ನೆಯ ಉತ್ತರ ಕಂಡುಹಿಡಿಯುವುದು ಕಷ್ಟವಾಗಬಾರದು. ಮುಂದೆ ನಮ್ಮಲ್ಲೇ ಯಾರಾದರೂ ಗೇಮ್ ಮಾಡುವವರಾದರೆ, ಇದೇ ಪ್ರಶ್ನೆಗಳನ್ನು ತಮಗೂ ಕೇಳಿಕೊಳ್ಳಲಿ.