ಧ್ವನಿಮುದ್ರಣ ವೃತ್ತಿಗೆ ಭೌತವಿಜ್ಞಾನ ಏಕೆ ಬೇಕು?

ಧ್ವನಿಮುದ್ರಣದ ತರಬೇತಿ ಎಂದರೆ ಕಂಪ್ಯೂಟರ್ ತಂತ್ರಾಂಶ ಬಳಸಲು ಕಲಿಯುವುದು ಎಂದೇ ಅನೇಕ ವಿದ್ಯಾರ್ಥಿಗಳು ಭಾವಿಸುತ್ತಾರೆ. ತಂತ್ರಾಂಶ ಬದಲಾಗುತ್ತಿರುತ್ತದೆ, ತರಂಗಗಳ ನಿಯಮ ಬದಲಾಗದು. 2009ರಲ್ಲಿ ಧ್ವನಿ ಮಿಶ್ರಣಕ್ಕಾಗಿ ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ, ಪುಣೆಯ ಚಲನಚಿತ್ರ ಸಂಸ್ಥೆ ಸೇರುವ ಮೊದಲು ಭೌತವಿಜ್ಞಾನ ಓದಿದವರು.

ಒಂದು ಉದಾಹರಣೆ ನೋಡೋಣ. ವೀಣೆಯ ಮುಂದೆ ಎರಡು ಮೈಕ್‌ಗಳಿವೆ; ಒಂದು ಇನ್ನೊಂದಕ್ಕಿಂತ 34 ಸೆಂ.ಮೀ. ಹಿಂದಿದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಆದ್ದರಿಂದ ಹಿಂದಿನ ಮೈಕನ್ನು ಶಬ್ದ 1 ಮಿಲಿಸೆಕೆಂಡ್ ತಡವಾಗಿ ತಲಪುತ್ತದೆ. 500 ಹರ್ಟ್ಸ್ ಆವೃತ್ತಿಯ ಒಂದು ಕಂಪನಕ್ಕೆ ಬೇಕಾದ ಕಾಲ 2 ಮಿಲಿಸೆಕೆಂಡ್. ವಿಳಂಬ ಅದರ ಅರ್ಧ. ಎರಡು ಸಂಕೇತಗಳನ್ನು ಕೂಡಿಸಿದಾಗ ಒಂದರ ಉಬ್ಬು ಇನ್ನೊಂದರ ತಗ್ಗಿನೊಡನೆ ಸೇರಿ ಆ ಆವೃತ್ತಿ ಕ್ಷೀಣಿಸುತ್ತದೆ. 1,500 ಮತ್ತು 2,500 ಹರ್ಟ್ಸ್‌ಗಳಿಗೂ ಇದೇ ಗತಿ. 1,000 ಹರ್ಟ್ಸ್ ಬಲಗೊಳ್ಳುತ್ತದೆ. ವೀಣೆಯ ನಾದವೇ ಬದಲಾಗುತ್ತದೆ! ಇದು ನಾವು ತರಗತಿಯಲ್ಲಿ ಕಲಿಸುವ ವ್ಯತಿಕರಣವೇ. ಎರಡು ಮೈಕ್, ಒಂದು ಮಿಕ್ಸರ್, ಅಳತೆಪಟ್ಟಿ ಇದ್ದರೆ ಶಿಕ್ಷಕರು ಇದನ್ನು ಪ್ರಯೋಗ ಮಾಡಿ ತೋರಿಸಬಹುದು.

ಈ ವೃತ್ತಿಯಲ್ಲಿ ಬದಲಿ ಸಿಗದ ಉಪಕರಣವೊಂದಿದೆ. ಅದು ಕಿವಿ. 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಮೀರಿ ಇರಬಾರದೆಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಶಿಫಾರಸು. ಪ್ರತಿ 3 ಡೆಸಿಬೆಲ್ ಹೆಚ್ಚಳಕ್ಕೆ ಈ ಅವಧಿ ಅರ್ಧವಾಗುತ್ತದೆ. 94 ಡೆಸಿಬೆಲ್‌ನಲ್ಲಿ ಉಳಿಯುವುದು ಕೇವಲ 1 ಗಂಟೆ. ಒಳಕಿವಿಯ ಕೇಶಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ಹೆಡ್‌ಫೋನ್ ಧರಿಸುವ ಮೊದಲೇ ವಿದ್ಯಾರ್ಥಿಗೆ ಈ ಲೆಕ್ಕ ತಿಳಿದಿರಬೇಕು.